ಲಿಫ್ಟಿನವನಿಗೆ ಲಿಫ್ಟಿನಲ್ಲಿ ಸೊನ್ನೆ

"ಲಿಫ್ಟ್ ರಿಪೇರಿ ಮಾಡೋನಿಗೆ ಲಿಫ್ಟ್ ಪಾಠದಲ್ಲೇ ಆರಕ್ಕೆ ಸೊನ್ನೆ! ಇವನು ರಿಪೇರಿ ಮಾಡಿದ ಲಿಫ್ಟನ್ನ ನಿಮ್ಮಲ್ಲಿ ಯಾರಾದ್ರೂ ಹತ್ತೀರೇನ್ರಪ್ಪಾ?"

ಇಂಗ್ಲಿಷ್ ಕೋಚಿಂಗ್ ಕ್ಲಾಸಿನ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಬೆಂಚಿನ ನರ್ಸಮ್ಮ ಒಳ್ಳೆಯವಳು, ಬಾಯಿಗೆ ಕರವಸ್ತ್ರ ಅಡ್ಡ ಇಟ್ಟುಕೊಂಡು ನಕ್ಕಳು.

ನನ್ನ ಕಿವಿ ಕಾದ ಬಾಣಲೆಯಾಯಿತು. ಎದ್ದು ನಿಂತೆ.

"ಸಾರ್, ಪಾಠ ಬರೆದವನದೇ ತಪ್ಪು."

ಎರಡನೇ ಸಲ ನಗು, ಮೊದಲಿನದಕ್ಕಿಂತ ಜೋರು.

ಆದರೆ ಅವನದು ತಪ್ಪೇ! ಯಾವುದೋ ಹಳೇ ಹೋಟೆಲಿನ ಲಿಫ್ಟಿನ ಬಗ್ಗೆ ಎರಡು ಪುಟ ಬರೆದಿದ್ದಾನೆ ಮಹಾರಾಯ. ಅದು ನಿಧಾನವಂತೆ, ನರಳುತ್ತದಂತೆ, ನಡುವೆ ನಿಲ್ಲುತ್ತದಂತೆ, ಆಗ ಅಪರಿಚಿತರು ಒಬ್ಬರಿಗೊಬ್ಬರು ಮಾತಾಡುತ್ತಾರಂತೆ. ಕೆಳಗೆ ಪ್ರಶ್ನೆ: ಲಿಫ್ಟಿನ ನರಳಾಟ ಲೇಖಕನಿಗೆ ಏನನ್ನು ಹೇಳುತ್ತದೆ? ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಎ, ಅವಸರ ಬೇಡ ಅಂತ. ಬಿ, ಯಂತ್ರಕ್ಕೆ ಎಣ್ಣೆ ಬೇಕು ಅಂತ. ನಾನು ಬಿ ಹಾಕಿದೆ. ಲಿಫ್ಟ್ ನರಳಿದರೆ ಎಣ್ಣೆ ಬೇಕು, ಇನ್ನೇನು ಅದು ವೇದಾಂತ ಹೇಳುತ್ತದೆಯೇ? ಇನ್ನೊಂದು ಪ್ರಶ್ನೆ: ಲಿಫ್ಟನ್ನು ಏನು ಮಾಡಬೇಕೆಂದು ಲೇಖಕನ ಅಭಿಪ್ರಾಯ? ಕೂಡಲೇ ಬಂದ್ ಮಾಡಬೇಕು, ಡಿ. ಟಿಕ್ ಮಾಡಿದ್ದು ಸಾಲದೆ ಅಡಿಗೆರೆ ಬೇರೆ ಎಳೆದಿದ್ದೆ.

ನನಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಸಲಾಮು ಹೊಡೆದವನು ನಾನು. ಆಮೇಲೆ ಲಿಫ್ಟಿನ ಕೈಪಿಡಿಗಳನ್ನು ಓದಿ, ಹೊರಗಿನಿಂದ ಬರುವ ಎಂಜಿನಿಯರುಗಳ ಹತ್ತಿರ ಬೈಸಿಕೊಂಡು, ಅವರಿಗೆ ತಿರುಗಿ ಬೈದು ಕಲಿತ ಇಂಗ್ಲಿಷ್ ಅದು. ಕಂಪನಿಯವರು ಈಗ ಮೆಕ್ಯಾನಿಕ್ ಆಗಬಯಸುವವರಿಗೆ ದೊಡ್ಡ ತರಬೇತಿ ಕೊಡುತ್ತಾರೆ. ಅದು ಮುಗಿಸಿದರೆ ನಾನು ಹೆಲ್ಪರ್ ಅಲ್ಲ, ಲಿಫ್ಟ್ ಸರಿಯಿದೆ ಅಂತ ಸಹಿ ಹಾಕುವ ಮೆಕ್ಯಾನಿಕ್. ಶಾಲೆಯ ಸರ್ಟಿಫಿಕೇಟು ಕೇಳುವುದಿಲ್ಲ, ಈ ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆಯೊಂದು ಪಾಸಾದರೆ ಸಾಕು. ನನ್ನಂಥವನಿಗೆ ತೆರೆದಿದ್ದ ಬಾಗಿಲು ಅದೊಂದೇ. ಆ ಬಾಗಿಲಿಗೆ ಒಬ್ಬ ಲಿಫ್ಟ್ ಪ್ರೇಮಿ ಅಡ್ಡ ನಿಂತಿದ್ದ!

ಮನೆಗೆ ಬಂದು ಚಪ್ಪಲಿ ಎಸೆದ ಸದ್ದಿಗೇ ಅಕ್ಕನಿಗೆ ಗೊತ್ತಾಯಿತು.

"ಏನೋ ಪಟಾಕಿ, ಇವತ್ತು ಯಾರು ಬೆಂಕಿ ಹಚ್ಚಿದ್ದು?"

ಅಕ್ಕನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ, ದೂರು ಕೇಳುವ ಫೋನಿನ ಮುಂದೆ. ಬೆಳಗಿನಿಂದ ಸಂಜೆಯವರೆಗೆ ಊರಿನವರೆಲ್ಲರ ಬೈಗುಳ ಕಿವಿಗೆ ಸುರಿದುಕೊಂಡು, ಮನೆಗೆ ಬಂದು ಹಾಡು ಗುನುಗುತ್ತಾ ಈರುಳ್ಳಿ ಹೆಚ್ಚುವವಳು. ಪ್ರಶ್ನೆಪತ್ರಿಕೆ ಓದಿದಳು, ನನ್ನ ಉತ್ತರ ನೋಡಿದಳು, ಚಾಕು ಕೆಳಗಿಟ್ಟು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನೀನೂ ನಗು."

"ಈರುಳ್ಳಿ ಕಣೋ. ಇಲ್ಲಿ ಕೂತ್ಕೋ." ಸೌಟು ತೆಗೆದು ಕಿವಿಗೆ ಹಿಡಿದಳು. "ಹಲೋ, ದೂರು ವಿಭಾಗನಾ? ನಾನು ಲಿಫ್ಟ್ ಬಗ್ಗೆ ಬರೆದೋನು ಮಾತಾಡ್ತಿದೀನಿ. ನನ್ನ ಲಿಫ್ಟ್ ನಿಧಾನ, ನರಳುತ್ತೆ, ನಂಗೆ ಅದು ಹಾಗೇ ಇರ್ಬೇಕು. ಯಾರೂ ಮುಟ್ಟಬಾರ್ದು."

"ಮುಟ್ಟಬಾರ್ದು ಅಂದ್ರೆ? ಹಗ್ಗ ಕಿತ್ಕೊಂಡು ಬಿದ್ರೆ ಇವನಪ್ಪ ಬರ್ತಾನಾ?"

"ಕಾಲ್ ಕಟ್." ಸೌಟನ್ನು ಕೆಳಗಿಟ್ಟಳು. "ಕೆಲಸದಿಂದ ವಜಾ. ನಮ್ಮ ಆಫೀಸಿನ ರೂಲ್ ಕೇಳು. ಫೋನ್ ಮಾಡಿದೋರು ಹೇಳಿದ್ದನ್ನ ಮೊದಲು ನಮ್ಮ ಮಾತಲ್ಲಿ ಅವರಿಗೇ ವಾಪಸ್ ಹೇಳ್ಬೇಕು. ಅವರು 'ಹೌದು' ಅನ್ನೋವರೆಗೂ ನಾವು ಬೇರೇನೂ ಮಾತಾಡೋ ಹಾಗಿಲ್ಲ."

"ಅವರು ಹೇಳೋದು ಶುದ್ಧ ಸುಳ್ಳಾದ್ರೆ?"

"ಸುಳ್ಳನ್ನೇ ವಾಪಸ್ ಹೇಳು. ಈ ಪೇಪರಲ್ಲಿ ನಿನ್ನ ಅಭಿಪ್ರಾಯ ಕೇಳಿದಾರೇನೋ, ಬೆಪ್ಪೇ?"

ಹುಡುಕಿದೆ. ಎಲ್ಲೂ ಕೇಳಿರಲಿಲ್ಲ. ಲೇಖಕನ ಅಭಿಪ್ರಾಯವೇನು, ಲೇಖಕನಿಗೆ ಏನನಿಸಿತು, ಮೂರನೇ ಪ್ಯಾರಾದಲ್ಲಿ ಲೇಖಕ ಏನನ್ನು ಸೂಚಿಸುತ್ತಾನೆ. ಇಡೀ ಪತ್ರಿಕೆಯಲ್ಲಿ ನನಗೆ ಒಂದು ಅಂಗುಲ ಜಾಗವಿರಲಿಲ್ಲ. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಅಂದಿನಿಂದ ನಮ್ಮ ಅಡುಗೆಮನೆಯೇ ದೂರು ವಿಭಾಗ. ಅಕ್ಕ ಸೌಟು ಹಿಡಿದು ಪಾಠ ಬರೆದವಳಾಗುತ್ತಿದ್ದಳು, ನಾನು ಲೋಟ ಹಿಡಿದು ಸಿಬ್ಬಂದಿಯಾಗುತ್ತಿದ್ದೆ. ಎ ಬಿ ಸಿ ಡಿ ಮೇಲೆ ತಟ್ಟೆ ಮುಚ್ಚಿಡುತ್ತಿದ್ದಳು. ಮೊದಲು ಪಾಠ, ಆಮೇಲೆ ಬರೀ ಪ್ರಶ್ನೆ, ಉತ್ತರ ನನ್ನ ಬಾಯಿಂದ ಬರಬೇಕು. ಅವಳು "ಹೌದು" ಅಂದಮೇಲೆ ತಟ್ಟೆ ಎತ್ತುವುದು, ನಾನು ಹೇಳಿದ್ದಕ್ಕೆ ಹತ್ತಿರವಿರುವುದನ್ನು ಟಿಕ್ ಮಾಡುವುದು. ಜೇನು ಸಾಕುವವನ ಪಾಠದಲ್ಲಿ, ಮ್ಯೂಸಿಯಂ ಬೈಯುವ ಹೆಂಗಸಿನ ಪಾಠದಲ್ಲಿ ಎಷ್ಟು ಸಲ ನನ್ನ ಕಾಲ್ ಕಟ್ಟಾಯಿತೋ! "ನಿಜವಾಗಿರೋ ಉತ್ತರ ಒಂದಿದ್ದೇ ಇರುತ್ತೆ ಕಣೋ, ನಿನ್ನಂಥೋರನ್ನ ಹಿಡಿಯೋಕೆ ಅಂತಲೇ ಇಟ್ಟಿರ್ತಾರೆ. ನಿಜ ಇದ್ರೆ ಸಾಲದು, ಪಾಠದಲ್ಲಿ ಇರ್ಬೇಕು," ಅನ್ನುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು, "ಆ ಸೌಟು ಕೊಟ್ರೆ ಊಟ ಬಡಿಸ್ತೀನಿ," ಅನ್ನುತ್ತಿದ್ದಳು.

"ಅಮ್ಮ ಹೇಳಿದ್ದೇನು?" ಅಕ್ಕ ನನ್ನನ್ನು ಕೇಳುತ್ತಿದ್ದಳು.

"ಹಸಿವಾಗಿದೆ ಅಂತ."

"ಅಲ್ಲ. ನಮ್ಮಿಬ್ಬರಿಗೂ ಹುಚ್ಚು ಹಿಡಿದಿದೆ ಅಂತ. ಧಾಟಿ ಕೇಳಿಸ್ಕೊಳ್ಳೋ."

ಆ ಚಟ ಕೆಲಸಕ್ಕೂ ಅಂಟಿತು. ಒಂದು ಕಟ್ಟಡದ ಮೇಲಿನ ಮಹಡಿಯ ಅಜ್ಜಿ ನನ್ನನ್ನು ಕಂಡರೆ ಮೈಮೇಲೆ ಬರುತ್ತಿದ್ದಳು. ಆ ದಿನವೂ ಶುರು ಮಾಡಿದಳು, ನಾವೆಲ್ಲ ಸೋಮಾರಿಗಳು, ಕಳ್ಳರು, ಲಿಫ್ಟಿನೊಳಗೆ ಯಾರು ಸತ್ತರೂ ನಮಗೇನಂತೆ. ನನ್ನ ಕೈಯಲ್ಲಿ ಸ್ಪ್ಯಾನರ್ ಬಿಸಿಯಾಯಿತು. ಆದರೂ ಹೇಳಿದೆ, "ಲಿಫ್ಟ್ ನಿಂತಾಗ ನೀವು ಒಬ್ರೇ ಒಳಗೆ ಸಿಕ್ಕಾಕ್ಕೊಂಡ್ರಿ, ಕೂಗಿದ್ರೂ ಯಾರೂ ಬರ್ಲಿಲ್ಲ. ಅಲ್ವಾ ಅಜ್ಜಿ?" "ಹೌದು ಕಣಪ್ಪಾ, ಅದೇ," ಎಂದು ಒಳಗೆ ಹೋಗಿ ಕುರ್ಚಿ ತಂದು ಹಾಕಿದಳು. ನನಗೇ ಗಾಬರಿಯಾಯಿತು.

ಪರೀಕ್ಷೆಯ ದಿನ ಕಡೆಯ ಪಾಠ ತೆರೆದರೆ, ರಿಪೇರಿಯ ಕಾಲ ಮುಗಿಯಿತು ಅಂತ ಒಬ್ಬ ಬರೆದಿದ್ದ. ಕೆಟ್ಟದ್ದನ್ನು ಎಸೆದು ಹೊಸದು ತರಬೇಕಂತೆ, ಸ್ಪ್ಯಾನರ್ ಹಿಡಿದವರು ಹಳೇ ಕಾಲದ ಪಳೆಯುಳಿಕೆಗಳಂತೆ. ಪೆನ್ಸಿಲ್ಲಿನ ಮೊನೆ ಪಟ್ಟನೆ ಮುರಿಯಿತು. ಎದ್ದುಹೋಗಿ ಅವನ ವಿಳಾಸ ಕೇಳೋಣ ಅನ್ನಿಸಿತು. ಅಂಗೈಯಿಂದ ಎ ಬಿ ಸಿ ಡಿ ಮುಚ್ಚಿದೆ. ಸಾರ್, ನೀವು ಹೇಳ್ತಿರೋದು ಏನಂದ್ರೆ, ನನ್ನಂಥೋರು ಬೇಡ ಅಂತ. ಹೌದು ಅಂದ. ಆದರೆ ಕಡೆಯ ಪ್ಯಾರಾದಲ್ಲಿ ಅಪ್ಪನ ಕೈಗಡಿಯಾರದ ಸುದ್ದಿ ತೆಗೆದು ಯಾಕೆ ಅಷ್ಟು ಮೆತ್ತಗಾದ್ರಿ ಸಾರ್? ಎಸೆಯೋಕೆ ಮನಸ್ಸು ಬರ್ಲಿಲ್ಲ, ಅಲ್ವಾ? ಅದಕ್ಕೂ ಹೌದು ಅಂದ. ಅಂಗೈ ತೆಗೆದೆ. ಆ ಉತ್ತರ ಸಿ ಜಾಗದಲ್ಲಿ ನನಗಾಗಿಯೇ ಕಾಯುತ್ತಾ ಕೂತಿತ್ತು.

ಪಾಸಾದೆ. ಪಾಠ ಓದಿ ಉತ್ತರಿಸುವ ಪತ್ರಿಕೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಅಕ್ಕ ಸೌಟಿನಲ್ಲೇ ಊರಿಗೆಲ್ಲ ಫೋನ್ ಮಾಡಿ ಹೇಳಿದಳು. ತರಬೇತಿಯವರ ಪತ್ರವೂ ಬಂತು.

ಎರವಲು ತಂದಿದ್ದ ಪುಸ್ತಕ ವಾಪಸ್ ಕೊಡಲು ಕೋಚಿಂಗ್ ಕ್ಲಾಸಿಗೆ ಹೋದೆ. ಹೊಸ ಬ್ಯಾಚ್. ಮೇಷ್ಟ್ರಿಗೆ ಸುದ್ದಿ ತಲುಪಿತ್ತು.

"ಬಾ ಬಾ ಲಿಫ್ಟು! ನೋಡ್ರಪ್ಪಾ, ಇವನೇ. ಆರಕ್ಕೆ ಸೊನ್ನೆ ತೆಗೆದ ದಡ್ಡಶಿಖಾಮಣಿ. ಶಾಲೆ ಮೆಟ್ಟಿಲೂ ಸರಿಯಾಗಿ ಹತ್ತಿದೋನಲ್ಲ. ಅವತ್ತು ನಾನು ಎಲ್ಲರ ಮುಂದೆ ಉಗಿದಿದ್ದಕ್ಕೇ ಪಾಸಾದ. ಇಂಥೋನನ್ನೇ ದಾಟಿಸಿದೀನಿ ಅಂದ್ಮೇಲೆ ನಿಮ್ಮದ್ಯಾವ ಲೆಕ್ಕ! ಏನಪ್ಪಾ, ಹೌದೋ ಅಲ್ವೋ?"

ಉತ್ತರ ಗಂಟಲಿಗೆ ಬಂತು. ಒಂದಲ್ಲ, ನಾಲ್ಕು. ನಾಲ್ಕೂ ಖಾರವಾಗಿದ್ದವು, ನಾಲ್ಕೂ ನಿಜ. ಅಂಗೈ ತಾನಾಗಿಯೇ ಮೇಜಿನ ಮೇಲೆ ಮಗುಚಿತು.

ಮೇಷ್ಟ್ರು ಹೇಳುತ್ತಿರುವುದು ಏನು? ಕ್ಲಾಸಿನ ಕಡೆ ನೋಡಿದೆ. ನಮ್ಮ ಕಾಲದಲ್ಲಿ ಕೂರಲು ಜಾಗವಿರಲಿಲ್ಲ. ಈಗ ಹಿಂದಿನ ಬೆಂಚುಗಳೆಲ್ಲ ಖಾಲಿ, ಬಂದವರೂ ಬ್ಯಾಗನ್ನು ತೊಡೆಯಿಂದ ಇಳಿಸಿರಲಿಲ್ಲ. ಮೇಷ್ಟ್ರ ಧ್ವನಿ ಜೋರಾಗಿತ್ತು, ಕಣ್ಣು ಮಾತ್ರ ನನ್ನ ಬಾಯಿಯನ್ನೇ ಕಾಯುತ್ತಿತ್ತು. ಅದು ಬೈಗುಳವಾಗಿರಲಿಲ್ಲ. ಎದ್ದುಹೋಗಬೇಡಿ ಅಂತ ಅವರು ಬೆಂಚುಗಳನ್ನು ಬೇಡುತ್ತಿದ್ದರು.

ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಮೂಲೆ ಮಡಚಿದ್ದ ಒಂದು ಹಾಳೆಯನ್ನು ನೇರ ಮಾಡಿದೆ. ಹೊರಗೆ ಬಂದೆ.

"ಏಯ್, ಕೇಳಿದ್ದಕ್ಕೆ ಉತ್ತರ ಕೊಡೋ!" ಹಿಂದಿನಿಂದ ಕೂಗಿದರು.

ಆ ಕಟ್ಟಡದ ಲಿಫ್ಟ್ ಕೆಳಗಿನಿಂದ ನರಳುತ್ತಾ ಬರುತ್ತಿತ್ತು. ಅದಕ್ಕೆ ಎಣ್ಣೆ ಬೇಕು, ದೇವರಾಣೆಗೂ ಎಣ್ಣೆಯೇ ಬೇಕು. ನಾನು ಮೆಟ್ಟಿಲು ಹಿಡಿದೆ.