ಅಕ್ಕನಿಗೆ ಮನೆ ಬೇಕು

ಅಂಗಿಯ ಕಾಲರಿನ ಕಾಜಾ ಮುಗಿಸಿ ಅಕ್ಕ ಅದರ ಕೆಳಗಿನದಕ್ಕೆ ಸೂಜಿ ಹಾಕಿದ್ದಳಷ್ಟೇ, ತಮ್ಮ ಒಳಗೆ ಬಂದ. ಬೆಳಿಗ್ಗೆ ಅವಳು ಸೋಫಾದ ಹಿಂದೆ ಸುತ್ತಿಟ್ಟಿದ್ದ ಹಾಸಿಗೆಯನ್ನು ಎಳೆದು ಹಜಾರದ ನಟ್ಟನಡುವೆ ಬಿಡಿಸಿ ಹಾಸಿದ.

"ಇದೇನೋ ಇದು, ಹಗಲು ಹೊತ್ತಲ್ಲಿ?"

"ಇರ್ಲಿ ಬಿಡಕ್ಕ. ಬಾಡಿಗೆ ಕಚೇರಿಯವರು ಬರ್ತಿದಾರೆ. ನೋಡ್ಲಿ."

ದಿಂಬನ್ನೂ ಇಟ್ಟ. ಸ್ವಲ್ಪ ಯೋಚಿಸಿ, ಅವಳ ಬಟ್ಟೆಯ ಟ್ರಂಕನ್ನು ತನ್ನ ಕೋಣೆಯ ಮಂಚದ ಕೆಳಗಿನಿಂದ ತಂದು ಪಕ್ಕದಲ್ಲಿಟ್ಟ. ಹಾಗೆ ಒಂದೇ ಕಡೆ ನೋಡಿದಾಗ, ತನ್ನದು ಅಂತ ಇರುವುದು ಇಷ್ಟೇನಾ ಎಂದು ಅಕ್ಕನಿಗೇ ಅನಿಸಿತು.

ಮೇಲಿನ ಮಹಡಿಯಲ್ಲಿ ಬಸ್ಸಿನ ಕಂಡಕ್ಟರಮ್ಮ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಹಳ ವರ್ಷಗಳಿಂದ ಬಾಡಿಗೆಗಿದ್ದಳು. ಅವಳನ್ನು ಬಿಡಿಸಿ, ಗೋಡೆಗೆ ಬಣ್ಣ ಹೊಡೆಸಿ, ಹೆಚ್ಚು ಬಾಡಿಗೆ ಕೊಡುವವರನ್ನು ತರಬೇಕೆಂದು ತಮ್ಮನ ಯೋಚನೆ. ಮೊದಲಾಗಿದ್ದರೆ ಒಂದು ಮಾತಿನ ಕೆಲಸ. ಈಗ ಸರ್ಕಾರ ಹೊಸ ಕಾಯಿದೆ ತಂದಿತ್ತು. ಬಾಡಿಗೆ ಸರಿಯಾಗಿ ಕೊಡುವವರನ್ನು ಸುಮ್ಮನೆ ಬಿಡಿಸುವಂತಿಲ್ಲ. ಮಾಲೀಕನಿಗೋ ಅವನ ಮನೆಯವರಿಗೋ ವಾಸಕ್ಕೆ ಬೇಕಿದ್ದರೆ ಬಿಡಿಸಬಹುದು, ಅದೂ ಕಚೇರಿಯವರು ಬಂದು ನೋಡಿ ಒಪ್ಪಿದ ಮೇಲೆ. ತಮ್ಮ ತನ್ನ ಮನೆಯಲ್ಲಿ ಯಾರಿಗೆ ಮನೆ ಬೇಕಾಗಿದೆ ಎಂದು ಹುಡುಕಿದ. ಅಕ್ಕ ಸಿಕ್ಕಳು.

ಬಂದವಳು ದಪ್ಪ ಕನ್ನಡಕದ ಅಧಿಕಾರಿ. ಚಪ್ಪಲಿ ಬಿಟ್ಟು, ಹಾಸಿಗೆ ತುಳಿಯದ ಹಾಗೆ ಗೋಡೆಯ ಪಕ್ಕದಲ್ಲಿ ನಡೆದು ಕುರ್ಚಿಯಲ್ಲಿ ಕುಳಿತಳು. ತಮ್ಮ ನಿಂತೇ ಶುರು ಮಾಡಿದ.

"ಭಾವ ತೀರ್ಕೊಂಡ ಮೇಲೆ ಅಕ್ಕ ಇಲ್ಲೇ ಇದಾಳೆ ಮೇಡಂ. ನಾವು ಟೀವಿ ಆರಿಸೋವರೆಗೂ ಮಲಗೋ ಹಾಗಿಲ್ಲ, ಎಲ್ಲರಿಗಿಂತ ಮುಂಚೆ ಏಳ್ಬೇಕು. ನೆಂಟರು ಬಂದ್ರೆ ಅಡುಗೆಮನೇಲಿ ಮಲಗ್ತಾಳೆ. ಬಟ್ಟೆ ಬದಲಾಯಿಸೋಕೆ ಬಚ್ಚಲಿಗೆ ಹೋಗ್ಬೇಕು. ಜ್ವರ ಬಂದ್ರೂ ಹಗಲು ಒಂದು ಗಳಿಗೆ ಬೆನ್ನು ಚಾಚೋಕೆ ಜಾಗ ಇಲ್ಲ. ಈ ವಯಸ್ಸಲ್ಲಿ ಹೆಂಗಸಿಗೆ ಮುಚ್ಕೊಳೋಕೆ ಒಂದು ಬಾಗಿಲು ಬೇಡ್ವಾ, ನೀವೇ ಹೇಳಿ?"

ಅಕ್ಕನ ಸೂಜಿ ಅರ್ಧಕ್ಕೇ ನಿಂತಿತು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇದನ್ನೆಲ್ಲ ಯಾವಾಗ ನೋಡಿದ ಇವನು? ಅವನಿಗೆ ತಿಳಿಯದು, ಗಂಡಸಲ್ಲವೇ, ಕೆಲಸದ ಗಡಿಬಿಡಿ ಎಂದುಕೊಂಡೇ ಇಷ್ಟು ವರ್ಷ ಅವನ ಮೇಲೆ ಬೇಸರ ಮಾಡಿಕೊಳ್ಳದೆ ಇದ್ದಳು.

"ಹೌದೇನಮ್ಮ?" ಅಧಿಕಾರಿ ಕೇಳಿದಳು.

"ಹೌದು."

"ಹಾಗಾದ್ರೆ ಸೋಮವಾರ ಕಚೇರಿಗೆ ಬಂದು ನೀವೇ ಹೇಳಿ, ಮೇಲಿನ ಮನೆ ನಂಗೆ ಬೇಕು, ನಾನಲ್ಲಿ ಇರ್ತೀನಿ ಅಂತ. ನಿಮ್ಮ ಮಾತಿನ ಮೇಲೇ ತೀರ್ಮಾನ."

ಅವಳು ಗೇಟು ದಾಟಿದ್ದೇ ತಡ, ತಮ್ಮನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಚೆನ್ನಾಗಿತ್ತು ರೀ ಭಾಷಣ. ನಾನು ಅತ್ತಿಗೇನ ಬಚ್ಚಲಲ್ಲಿ ಇಟ್ಟಿದೀನಿ ಅಂತ ಸರ್ಕಾರಕ್ಕೂ ಗೊತ್ತಾಯ್ತು."

"ಹೇಳ್ಬೇಕಲ್ಲ ಅಂತ ಹೇಳಿದ್ದು ಕಣೆ. ನಿಜ ಏನಲ್ಲ."

"ಅತ್ತಿಗೆ, ನೀವೇ ಹೇಳಿ, ನಾನೇನು ಕಮ್ಮಿ ಮಾಡಿದೀನಿ?"

"ಏನೂ ಇಲ್ಲಮ್ಮ," ಎಂದಳು ಅಕ್ಕ.

"ಎರಡು ತಿಂಗಳು ಮೇಲೆ ಇದ್ದ ಹಾಗೆ ಮಾಡಕ್ಕ," ತಮ್ಮ ನಕ್ಕ. "ಆಮೇಲೆ ಕೆಳಗೆ ಬಂದ್ಬಿಡು. ಯಾರು ಬಂದು ನೋಡ್ತಾರೆ?"

ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ಕಂಡಕ್ಟರಮ್ಮ ಅಲ್ಲಿದ್ದಳು. ಡ್ಯೂಟಿ ಮುಗಿಸಿ ಬಂದು, ಖಾಕಿ ಬಿಚ್ಚದೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಬನ್ನಿ ಅಕ್ಕ. ನಮ್ಮನ್ನ ಇಳಿಸೋ ಸ್ಟಾಪು ಬಂತಂತೆ?"

ಅಕ್ಕನಿಗೆ ನಗುವುದೋ ಬೇಡವೋ ತಿಳಿಯಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಕಂಡಕ್ಟರಮ್ಮ ದನಿ ತಗ್ಗಿಸಿದಳು. "ನಿಮಗೆ ನಿಜವಾಗ್ಲೂ ಬೇಕಾ? ಬೇಕಂದ್ರೆ ಬಿಟ್ಕೊಡ್ತೀನಿ, ಬಾಯಿಮಾತಿಗೆ ಹೇಳ್ತಿಲ್ಲ. ಚಿಕ್ಕವಳಿಗೆ ಶಾಲೆ ಬದಲಾಯಿಸ್ಬೇಕಾಗತ್ತೆ, ಅಷ್ಟೇ. ಆದ್ರೆ ನಿಮ್ಮ ತಮ್ಮ ಬಣ್ಣ ಹೊಡೆಸಿ ಬೇರೆಯವರಿಗೆ ಕೊಡೋದಾದ್ರೆ ಜಪ್ಪಯ್ಯ ಅಂದ್ರೂ ಬಿಡಲ್ಲ."

ಅಕ್ಕ ತಂತಿಯ ಮೇಲಿನ ಟವೆಲನ್ನು ಮಡಿಸಿದಳು. ಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಂಡಕ್ಟರಮ್ಮನ ಮನೆಯ ಒಳಗಿನ ಕೋಣೆಯನ್ನು ಅವಳು ನೋಡಿದ್ದಳು. ಪೂರ್ವಕ್ಕೆ ಕಿಟಕಿ, ಬೆಳಕು ನೇರ ಮಡಿಲಿಗೆ ಬೀಳುವಂಥದ್ದು. ಅಲ್ಲಿ ಕೂತರೆ ಕಪ್ಪು ಬಟ್ಟೆಗೂ ಕಾಜಾ ಹಾಕಬಹುದಿತ್ತು. ಆದರೆ ಅದಕ್ಕೂ ಯಜಮಾನ ಅವನೇ. ಎರಡು ತಿಂಗಳಾದ ಮೇಲೆ ಬಾರಕ್ಕ ಎಂದು ಅವನು ಮೆಟ್ಟಿಲ ಕೆಳಗೆ ನಿಂತು ಕೂಗಿದರೆ ಹಾಸಿಗೆ ಸುತ್ತಿಕೊಂಡು ಇಳಿಯಲೇಬೇಕು. ಒಡಹುಟ್ಟಿದವನ ಮೇಲೆ ಯಾವ ಕಚೇರಿಗೆ ಹೋಗುವುದು?

"ಆ ಕಾಯಿದೆ ಎಲ್ಲರಿಗೂ ಇರತ್ತಾ?" ಎಂದಳು. "ಒಬ್ಬಳೇ ಹೆಂಗಸಿಗೂ?"

"ಬಾಡಿಗೆ ಕೊಟ್ಟು ಇರೋರು ಯಾರಿಗಾದ್ರೂ. ಮೊದ್ಲು ಕರಾರು ಮುಗಿಯೋ ತಿಂಗಳು ಬಂತಂದ್ರೆ ನಂಗೆ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ. ನಿಮ್ಮ ತಮ್ಮ ಗೇಟಲ್ಲಿ ಕೆಮ್ಮಿದ್ರೂ ಹೆದರ್ತಿದ್ದೆ. ಈಗ ಕೆಮ್ಮಿದ್ರೆ ಕಷಾಯ ಕುಡೀರಿ ಅಂತೀನಿ." ನಕ್ಕು ಎದ್ದಳು. "ನಿಮಗ್ಯಾಕೆ ಬಿಡಿ ಅದೆಲ್ಲ. ತಮ್ಮನ ಮನೆ, ಬಾಡಿಗೆಯ ಗೊಡವೆಯೇ ಇಲ್ಲ."

ಅದು ಹೊಟ್ಟೆಕಿಚ್ಚಿನ ಮಾತಲ್ಲ. ಅವಳು ಹಾಗೇ ನಂಬಿದ್ದಳು.

ಮರುದಿನ ಕಾಜಾ ಹಾಕಿದ ಅಂಗಿಗಳನ್ನು ದರ್ಜಿಯ ಅಂಗಡಿಗೆ ಕೊಟ್ಟು ಬರುವಾಗ ಅಕ್ಕ ಬೇರೆ ದಾರಿ ಹಿಡಿದಳು. ಹಿಟ್ಟಿನ ಗಿರಣಿಯ ಹಿಂದಿನ ಸಾಲು ಮನೆಯೊಂದಕ್ಕೆ ಬಾಡಿಗೆ ಬೋರ್ಡಿತ್ತು. ಒಂದು ಕೋಣೆ, ಮೂಲೆಯಲ್ಲಿ ಒಲೆ ಇಡುವ ಕಟ್ಟೆ. ಗಿರಣಿ ನಡೆದಾಗ ಗೋಡೆ ಸಣ್ಣಗೆ ನಡುಗುತ್ತಿತ್ತು, ಕಿಟಕಿಯ ಸರಳುಗಳ ಮೇಲೆ ಹಿಟ್ಟಿನ ಪುಡಿ. ಮಾಲೀಕನ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಿಗಮ್ಮ ಮನೆ?"

"ನಂಗೆ."

"ಜೊತೆಗೆ ಯಾರಿದಾರೆ?"

"ಯಾರೂ ಇಲ್ಲ. ನಾನೊಬ್ಬಳೇ. ದರ್ಜಿ ಅಂಗಡಿಯ ಅಂಗಿಗಳಿಗೆ ಕಾಜಾ ಹಾಕ್ತೀನಿ."

"ಹೊಲಿಗೆ ಮಿಷನ್ನು ಗಡಗಡ ಅನ್ನಿಸ್ತೀಯೇನು?"

"ಇಲ್ಲಮ್ಮ, ಕೈಕೆಲಸ."

"ಗಿರಣಿ ಸದ್ದಿಗೆ ಕೇಳೋದಾದ್ರೂ ಏನು, ಬಿಡು. ಮಂಗಳವಾರದೊಳಗೆ ಹೇಳು," ಎಂದು ಮುದುಕಿ ಬೀಗ ಹಾಕಿಕೊಂಡಳು.

ಊಟಕ್ಕೆ ಕೂತಾಗ ತಮ್ಮ ಇನ್ನೊಮ್ಮೆ ಪಾಠ ಹೇಳಿಕೊಟ್ಟ. ಅಧಿಕಾರಿ ಏನು ಕೇಳಬಹುದು, ಅದಕ್ಕೆ ಏನನ್ನಬೇಕು. ಜಾಸ್ತಿ ಮಾತು ಬೇಡ. ಬೇಕಾದರೆ ಸ್ವಲ್ಪ ಅಳು.

"ನೀನು ಬರೋದು ಬೇಡ," ಅಕ್ಕ ಅವನಿಗೆ ಇನ್ನಷ್ಟು ಬಡಿಸುತ್ತಾ ಹೇಳಿದಳು. "ಕೆಲಸಕ್ಕೆ ರಜೆ ಯಾಕೆ? ನಾನೇ ಹೋಗಿ ಬರ್ತೀನಿ."

"ಧೈರ್ಯ ಇದೆಯಾ ಒಬ್ಬಳೇ ಹೋಗೋಕೆ?"

"ಬಸ್ಸಿದೆಯಲ್ಲ."

ಅವನು ನಿಶ್ಚಿಂತೆಯಿಂದ ಊಟ ಮುಂದುವರಿಸಿದ. ಅಕ್ಕ ತನ್ನ ತಟ್ಟೆಗೂ ಬಡಿಸಿಕೊಂಡು ಕುಳಿತಳು. ಮೇಲಿನ ಮನೆ ತನಗೆ ಬೇಡವೆಂದು ಸೋಮವಾರ ಹೇಳುವುದು, ಮಂಗಳವಾರ ಗಿರಣಿಯ ಹಿಂದಿನ ಕೋಣೆಗೆ ತನ್ನ ಹೆಸರಿನಲ್ಲೇ ಕರಾರು ಮಾಡಿಕೊಳ್ಳುವುದು. ತಮ್ಮನ ಹೆಂಡತಿ ಇನ್ನೇನಾದರೂ ಬೇಕೇ ಎಂದು ಕೇಳಿದಾಗ, ಸಾಕು ಎಂದಳು.