ಒಡೆಯದ ಬಟ್ಟಲು

ಶವಪೆಟ್ಟಿಗೆ ಹೊಸ್ತಿಲು ದಾಟುತ್ತಿದ್ದಂತೆ ಇಸೋ ಗಂಡ ತೊಮೆಕಿಚಿಯ ಅನ್ನದ ಪಿಂಗಾಣಿ ಬಟ್ಟಲನ್ನು ಅಂಗಳದ ಕಲ್ಲಿಗೆ ಎಸೆದಳು. ಬಟ್ಟಲು ಒಡೆಯಲಿಲ್ಲ. ಠಣ್ಣೆಂದು ಪುಟಿದು, ಉರುಳಿಕೊಂಡು ಹೋಗಿ, ಹೆಗಲು ಕೊಟ್ಟಿದ್ದ ಊರ ಹಿರಿಯ ಕನ್ಸುಕೆಯ ಕಾಲಿಗೆ ತಾಗಿ ನಿಂತಿತು.

ಹೊತ್ತವರೂ ನಿಂತರು. ಬಟ್ಟಲು ಒಡೆದರೇ ಸತ್ತವನಿಗೆ ಈ ಮನೆಯ ಅನ್ನದ ಋಣ ಮುಗಿಯಿತೆಂದು ತಿಳಿಯುವುದು. ಇಲ್ಲದಿದ್ದರೆ ಊಟದ ಹೊತ್ತಿಗೆ ತಿರುಗಿ ಬರುತ್ತಾನೆ.

"ಹೋಗೋವಾಗ್ಲೂ ತೊಮೆಕಿಚಿಯಣ್ಣ ಅದನ್ನೇ ಅಂತಾನಲ್ಲಪ್ಪ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಒಬ್ಬಿಬ್ಬರು ನಗು ನುಂಗಿಕೊಂಡರು.

ಅದೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. 'ಇನ್ನೊಂದ್ಸಲ' ಎಂಬುದು ಸಾವಿನ ಮನೆಯಲ್ಲಿ ಆಡುವ ಮಾತಲ್ಲ. ಆಡಿದರೆ ಸಾವು ಅದೇ ಬಾಗಿಲಿಗೆ ಮತ್ತೆ ಬರುತ್ತದೆ. ಊರ ಸಭೆಯಲ್ಲಿ ತೊಮೆಕಿಚಿ ಬದುಕಿಡೀ ಆಡಿದ್ದು ಅದೊಂದೇ ಮಾತು. ಮೊದಲು ಒಂದು ಕೆಮ್ಮು, ಆಮೇಲೆ, "ಇನ್ನೊಂದ್ಸಲ ಯೋಚ್ನೆ ಮಾಡೋಣ." ಊರ ಮಕ್ಕಳು ಅವನಿಗೆ ಅದೇ ಹೆಸರಿಟ್ಟಿದ್ದವು.

ನೆರೆಮನೆಯ ಯೋನೆ ಬಟ್ಟಲನ್ನು ಎತ್ತಿ ತಂದಳು. "ತಗೋ ಇಸೋ, ಜೋರಾಗಿ ಕುಕ್ಕು."

"ಒಂದೇ ಸಲ ಎಸೆಯೋದು ಕಣೆ. ಆಯ್ತಲ್ಲ," ಎಂದ ಇಸೋ ಅದನ್ನು ಕಿಮೋನೋದ ಅಗಲ ತೋಳಿನೊಳಗೆ ಇಳಿಬಿಟ್ಟಳು.

*

ಮಣ್ಣು ಮಾಡಿ ಬಂದವರು ಊಟಕ್ಕೆ ಕುಳಿತರು. ಯಾರೂ ಹೇಳದಿದ್ದರೂ ಸಭೆಯಲ್ಲಿ ಕೂರುವ ಸಾಲಿನಲ್ಲೇ ಕುಳಿತರು. ಕಂಬದ ಪಕ್ಕದ ಕೂರುವ ದಿಂಬು ತೊಮೆಕಿಚಿಯದು. ಅದು ಖಾಲಿ ಉಳಿಯಿತು.

ತಿಂಗಳಿಗೊಮ್ಮೆ ಸೇರುವ ಆ ಸಭೆಯಲ್ಲಿ ಕೈಯೆತ್ತಿಸಿ ಎಣಿಸುವ ಪದ್ಧತಿಯಿಲ್ಲ. ಮನೆಗೊಂದು ಮಾತು. ಒಂದು ಮನೆ ತಡೆದರೂ ವಿಷಯ ಮುಂದಿನ ತಿಂಗಳಿಗೆ ಹೋಗುತ್ತದೆ. ಯಾರೂ ತುಟಿ ಬಿಚ್ಚದಿದ್ದರೆ ಎಲ್ಲರೂ ಒಪ್ಪಿದಂತೆ. ಊರಿಗೆ ನೀರು ಕೊಡುವ ಒರತೆಯ ಮೇಲಿನ ಗುಡ್ಡವನ್ನು ಕಲ್ಲು ಒಡೆಯುವ ಕಂಪನಿಯೊಂದು ಕೇಳಿತ್ತು. ಬದಲಿಗೆ ರಸ್ತೆ ಮಾಡಿಕೊಡುವುದಾಗಿ ಹೇಳಿತ್ತು. ಹೂ ಬಿಡುವ ಕಾಲದಿಂದ ಎಲೆ ಉದುರುವ ಕಾಲದವರೆಗೂ ಅದನ್ನು ತಡೆದವನು ತೊಮೆಕಿಚಿಯೊಬ್ಬನೇ. ಕನ್ಸುಕೆಗೆ ರಸ್ತೆ ಬೇಕಿತ್ತು. ಹೋದ ಚಳಿಗಾಲ ಹೆರಿಗೆನೋವು ತಿನ್ನುತ್ತಿದ್ದ ಸೊಸೆಯನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹಿಮದಲ್ಲಿ ಹೊತ್ತು ಬೆಟ್ಟ ಇಳಿದಿದ್ದ. ಮಗು ದಾರಿಯಲ್ಲೇ ಹೋಗಿತ್ತು.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ತೊಮೆಕಿಚಿ ಸಭೆಯಿಂದ ಬೇಗ ಬಂದಿದ್ದ. ಹೊಳೆಯ ಸೇತುವೆಯ ದುರಸ್ತಿಯನ್ನು ಕೊಯ್ಲಾದ ಮೇಲೆ ನೋಡೋಣವೆಂದು ತೀರ್ಮಾನವಾಯಿತು ಎಂದ. ಹಲಗೆಯೊಂದು ಕೊಳೆತು ಲಡ್ಡಾಗಿದ್ದನ್ನು ಅವನು ಬೆಳಿಗ್ಗೆಯೇ ಕಂಡಿದ್ದ. ಆಗ ಊರ ಹಿರಿಯನಾಗಿದ್ದ ಕನ್ಸುಕೆಯ ಅಪ್ಪ "ಯಾರ್ದಾದ್ರೂ ಮಾತಿದ್ಯಾ?" ಎಂದು ಕೇಳಿದಾಗ, ಸಭೆಗೆ ಹೊಸಬ, ಕಾಲು ಬೇರೆ ಜೋಮು ಹಿಡಿದಿತ್ತು, ಸುಮ್ಮನಿದ್ದುಬಿಟ್ಟಿದ್ದ.

ಕೊಯ್ಲಿಗೆ ಮುಂಚೆ ಆ ಹಲಗೆ ಮುರಿದು ಕನ್ಸುಕೆಯ ಪುಟ್ಟ ತಮ್ಮ ಸೇಜಿ ಹೊಳೆ ಪಾಲಾದ.

ತಾನು ಸುಮ್ಮನಿದ್ದುದನ್ನು ತೊಮೆಕಿಚಿ ಹೆಂಡತಿಗೊಬ್ಬಳಿಗೇ ಹೇಳಿದ್ದು. ಹೊಳೆಯ ಸದ್ದು ಏರಿದಾಗಲೆಲ್ಲ ಅವನು ಉಣ್ಣುವ ಬಟ್ಟಲು ಕೆಳಗಿಟ್ಟು ಕಿವಿಗೊಡುತ್ತಿದ್ದ. "ಕೂಗ್ತಾ ಇದಾನೆ ಕಣೆ," ಎನ್ನುತ್ತಿದ್ದ. ಯಾರೆಂದು ಇಸೋ ಕೇಳುತ್ತಿರಲಿಲ್ಲ.

*

"ದೊಡ್ಡಮ್ಮ, ಇವತ್ತು ಗುಡ್ಡದ ವಿಷಯ ಎತ್ತಬಾರ್ದು," ಎಂದ ಕನ್ಸುಕೆ. "ಆದ್ರೆ ಎಲ್ಲಾ ಮನೆಯವ್ರೂ ಇಲ್ಲೇ ಇದೀವಿ. ನಾಡಿದ್ದು ಕಂಪನಿಯವ್ರು ಬರ್ತಾರೆ." ಸಾಲಿನ ಉದ್ದಕ್ಕೂ ನೋಡಿದ. "ಯಾರ್ದಾದ್ರೂ ಮಾತಿದ್ಯಾ?"

ಅದೇ ಮಾತು, ಅವನಪ್ಪನದೇ ದನಿ. ಚಹಾ ಬಗ್ಗಿಸುತ್ತಿದ್ದ ಇಸೋಳ ಕೈ ನಿಂತಿತು. ಸಭೆಗಳಲ್ಲಿ ಅವಳು ಚಹಾ ಬಗ್ಗಿಸಿದ್ದಳೇ ಹೊರತು ಕೂತವಳಲ್ಲ. ಕೆಮ್ಮಿಗಾಗಿ ಕಾದಳು. ಅವಳೊಬ್ಬಳೇ ಅಲ್ಲ, ಸಾಲಿನಲ್ಲಿದ್ದವರೂ ಕಂಬದ ಕಡೆ ತಿರುಗಿದ್ದರು. ಹೊರಗೆ ಹೊಳೆಯ ಸದ್ದು ಮಾತ್ರ ಇತ್ತು.

ಇಸೋ ಚಹಾದ ಪಾತ್ರೆ ಇಟ್ಟು, ತೋಳಿನಿಂದ ಬಟ್ಟಲು ತೆಗೆದು, ಖಾಲಿ ದಿಂಬಿನ ಮುಂದೆ ಚಾಪೆಯ ಮೇಲಿಟ್ಟಳು.

"ಇದು ಒಡೆದಿಲ್ಲ. ಅವ್ರಿನ್ನೂ ಹೋಗಿಲ್ಲ."

ಅಡುಗೆಮನೆ ಬಾಗಿಲಲ್ಲಿದ್ದ ಯೋನೆಗೆ ಮುಂದಿನ ಮಾತು ತಿಳಿದುಹೋಯಿತು. "ಬೇಡ ಇಸೋ. ಆ ಮಾತು ಮಾತ್ರ ಇವತ್ತು ಬೇಡ."

"ಸಾವು ಬಂದ್ರೆ ನನಗೇ ತಾನೇ ಬರೋದು. ಈ ಮನೇಲಿ ಬೇರೆ ಯಾರಿದಾರೆ?" ಎಂದು ಇಸೋ ಕನ್ಸುಕೆಯ ಕಡೆ ತಿರುಗಿದಳು. "ಸೇತುವೆ ಹಲಗೆ ಲಡ್ಡಾಗಿದ್ದು ಇವ್ರಿಗೆ ಗೊತ್ತಿತ್ತಪ್ಪ. ನಿಮ್ಮಪ್ಪ ಕೇಳ್ದಾಗ ಸುಮ್ನೆ ಕೂತಿದ್ರು."

ಕನ್ಸುಕೆ ಹೊಳೆಯ ಕಡೆ ಮುಖ ತಿರುಗಿಸಿದ.

ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ಇನ್ನೊಂದ್ಸಲ ಯೋಚ್ನೆ ಮಾಡೋಣ."

ಕನ್ಸುಕೆ ಚಹಾದ ಪಾತ್ರೆಯನ್ನು ಎತ್ತಿಕೊಂಡು, ಮೊಣಕಾಲಲ್ಲೇ ಸರಿದು ಬಂದು, ತೊಮೆಕಿಚಿಯ ಬಟ್ಟಲು ತುಂಬ ಬಗ್ಗಿಸಿದ. "ಹಾಗಾದ್ರೆ ಮುಂದಿನ ತಿಂಗ್ಳು," ಎಂದ. ಕಲ್ಲಿಗೆ ಬಿದ್ದಾಗ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದಿರಬೇಕು. ಚಹಾ ಸದ್ದಿಲ್ಲದೆ ಜಿನುಗಿ, ಚಾಪೆಯ ಹೆಣಿಗೆ ಹಿಡಿದು ಹರಿದು, ಕೂತವರ ಮಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಯಿತು. ಯಾರೂ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.