ಯಾವ ಬುಧವಾರ

ಉಗುರಿಗೆ ಹಸಿರು ಬಣ್ಣ ಹಚ್ಚಿದ್ದಾಳೆ ಈ ಹುಡುಗಿ, ಪಿಂಚಣಿ ಇಲಾಖೆಯ ಡೋರ್ಕಾಸ್, ಆ ಉಗುರಿನಿಂದಲೇ ಫೋನು ಕುಟ್ಟುತ್ತಾ ನನ್ನ ಹುಟ್ಟಿದ ತಾರೀಖು ಯಾವ ವಾರ ಅಂತ ಹುಡುಕುತ್ತಿದ್ದಾಳೆ, ಟಕ್ ಟಕ್ — ಬೆಳಿಗ್ಗೆ ಇದೇ ಚರ್ಚಿನ ಹಾಲಿನಲ್ಲಿ ನಿಂತು ಎಷ್ಟು ನಯವಾಗಿ ಹೇಳಿದಳು, ಐವತ್ತು ದಾಟಿದೋರು ಹಳೇ ಪಿಂಚಣೀಲೇ ಇರ್ತೀರಿ, ದಾಟದೋರು ಹೊಸದಕ್ಕೆ, ಇನ್ಮೇಲೆ ನಿಮ್ಮ ಸಂಬಳದಲ್ಲಿ ಮುರಿದಿದ್ದೇ ನಿಮಗೆ, ಬೊಕ್ಕಸ ಮೊಮ್ಮಕ್ಕಳ ಕಾಲಕ್ಕೂ ಉಳೀಬೇಕಲ್ವಾ — ಉಳಿಯಲಿ ತಾಯಿ, ಬೇಡ ಅಂದವರ್ಯಾರು, ಆ ಮೊಮ್ಮಕ್ಕಳನ್ನು ಈ ಕೈಯಲ್ಲೇ ಹೊರಗೆಳೆದಿದ್ದೇನೆ, ಇಪ್ಪತ್ಮೂರು ವರ್ಷ ಸರ್ಕಾರಿ ಆಸ್ಪತ್ರೆಯ ಹೆರಿಗೆ ದಾದಿ, ಒಂದೊಂದು ಮಗುವಿನ ವಾರ, ಗಳಿಗೆ, ತೂಕ ತಪ್ಪದೆ ಬರೆದವಳು, ನನ್ನ ಹುಟ್ಟಿನದೊಂದು ಬಿಟ್ಟು, ನನಗೆ ಐವತ್ಮೂರು, ಕಾಗದದಲ್ಲಿ ನಲವತ್ತೆಂಟು, ನಡುವಿನ ಐದು ವರ್ಷವನ್ನು ಮುದುಕ ತ್ವುಮಾಸಿಯ ಹೆಬ್ಬೆಟ್ಟು ನುಂಗಿತು, ಆ ನೀಲಿ ಹೆಬ್ಬೆಟ್ಟು — ನರ್ಸಿಂಗ್ ಶಾಲೆಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಅರ್ಜಿಯನ್ನು ನನ್ನ ಮುಖದ ಮೇಲೆ ಎಸೆದಿದ್ದ, ಇಪ್ಪತ್ತೈದರೊಳಗಿರ್ಬೇಕು, ನಿಂಗೆ ವಯಸ್ಸಾಯ್ತು, ಹೋಗು, ಕೆಂಕೆ ಬೇಯ್ಸು, ಬೇಯಿಸುತ್ತಲೇ ಇದ್ದೆನಲ್ಲ, ಕುಮಾಸಿಯ ಲಾರಿ ನಿಲ್ದಾಣದಲ್ಲಿ ಏಳು ವರ್ಷ ಮೆಕ್ಕೆಜೋಳದ ಕೆಂಕೆಯುಂಡೆ ಮಾರಿಯೇ ಫೀಸು ಕೂಡಿಸಿದ್ದು, ಅಷ್ಟರಲ್ಲಿ ಇಪ್ಪತ್ತೇಳಾಗಿತ್ತು, ಅದೂ ನನ್ನ ತಪ್ಪೇ. ಪಕ್ಕದ ಮನೆಯ ತ್ವುಮಾಸಿ ನಕ್ಕಿದ್ದ, ಒಂದು ಬಾಟ್ಲಿ ಷ್ನಾಪ್ಸ್ ತಾ ಅಕುವಾ, ನೀನು ಮೊದಲ ಸಲ ಅತ್ತಾಗ ಬಾಗಿಲಲ್ಲೇ ಇದ್ದೋನು ನಾನು, ನಾನು ಹೇಳಿದ್ದೇ ವರ್ಷ — ಕೋರ್ಟಿನಲ್ಲಿ ದೇವರಾಣೆ ಇಟ್ಟು ಬಾಯಿಗೆ ಬಂದ ತಾರೀಖು ಹೇಳಿ ಹೆಬ್ಬೆಟ್ಟೊತ್ತಿದ, ವಾರ ನೋಡುವ ಬುದ್ಧಿ ಇಬ್ಬರಿಗೂ ಇರಲಿಲ್ಲ.

ಕಾಗದದ ತಾರೀಖು ಶನಿವಾರ ಬರುತ್ತೆ ಆಂಟಿ, ಅನ್ನುತ್ತಾಳೆ, ನೋಡು ಮತ್ತೆ, ಅದನ್ನೇ ನಾನೂ ಹೇಳಿದ್ದು, ಹುಟ್ಟಿದ ವಾರದ ಹೆಸರಿಡೋ ಜನ ನಾವು, ಬುಧವಾರ ಹುಟ್ಟದವಳಿಗೆ ಅಕುವಾ ಅಂತ ಯಾರಾದರೂ ಇಡ್ತಾರಾ, ಶನಿವಾರದವಳಾಗಿದ್ದರೆ ಅಮಾ ಅಂತಿದ್ದರು, ಬರೆಯುವಾಗ ತಪ್ಪಾಗಿದೆ, ತಿದ್ದು — ಇನ್ನೊಂದು ಸುಳ್ಳು, ಆಗಲಿ, ಐವತ್ತು ದಾಟಿದ್ದಂತೂ ನಿಜ, ಮಂಡಿ ಎರಡೂ ಸಾಕ್ಷಿ. ಅವಳು ನಗುತ್ತಾಳೆ, ಕೆಟ್ಟ ನಗುವಲ್ಲ, ಅದೇ ಮೈ ಉರಿಸುವುದು, ಬುಧವಾರ ಸರಿ ಆಂಟಿ, ಯಾವ ಬುಧವಾರ, ವರ್ಷಕ್ಕೆ ಐವತ್ತೆರಡು ಇರುತ್ತೆ, ನೀವು ಹುಟ್ಟಿದ್ದು ಕಂಡೋರು ಯಾರಾದ್ರೂ ಬಂದು ಪ್ರಮಾಣ ಮಾಡ್ಲಿ, ತಿದ್ದೋಣ. ಕಂಡವರು, ಅಮ್ಮ ಯಾವಾಗಲೋ ಹೋದಳು, ಉಳಿದವನೊಬ್ಬ ತ್ವುಮಾಸಿ, ಅವನನ್ನೂ ಆರು ವರ್ಷದ ಹಿಂದೆ ನಾನೇ ಮೀಯಿಸಿ ಬಿಳಿ ಬಟ್ಟೆ ಉಡಿಸಿದೆ, ನನ್ನ ನಿಜವಾದ ವರ್ಷ ಅವನ ಜೊತೆ ಮಣ್ಣಾಯಿತು, ಸುಳ್ಳಿನದು ಮಾತ್ರ ಮುದ್ರೆ ಹಾಕಿಸಿಕೊಂಡು ಗಟ್ಟಿಯಾಗಿ ಕೂತಿದೆ. ಆವತ್ತು ವಯಸ್ಸು ಹೆಚ್ಚಾಯ್ತು ಅಂದಿರಿ, ಇವತ್ತು ಸಾಲದು ಅನ್ನುತ್ತೀರಿ, ನಿಮಗೆ ಬೇಕಾದ ವಯಸ್ಸಿಗೆ ಹುಟ್ಟುವುದು ಹೇಗೆ ಅಂತ ನೀವೇ ಹೇಳಿ, ಹೆರಿಗೆ ಮಾಡಿಸುವವಳು ನಾನು, ಕಲಿತುಕೊಳ್ಳುತ್ತೇನೆ — ಹೀಗೆ ಅನ್ನಬೇಕು, ಅಂದುಬಿಟ್ಟರೆ ಸುಳ್ಳು ಪ್ರಮಾಣ ಹೊರಬಿದ್ದು ಕೆಲಸವೂ ಹೋಗುತ್ತದೆ. ಆಂಟಿ, ಸಹಿ ಇಲ್ಲಿ, ಹೊಸ ಯೋಜನೆಯ ಫಾರಮ್ಮು, ಪಕ್ಕದಲ್ಲಿ ಬೆರಳೂ ಒತ್ತಿ, ಶಾಯಿಯ ಡಬ್ಬಿಯನ್ನು ನನ್ನತ್ತ ತಳ್ಳುತ್ತಾಳೆ, ಅದೇ ನೀಲಿ, ಆವತ್ತು ಕೋರ್ಟಿನಿಂದ ಬರುವಾಗ ಒರೆಸಿಕೊಳ್ಳಲೇ ಇಲ್ಲ ಮುದುಕ, ಲಾರಿಯಲ್ಲಿದ್ದ ಪ್ರಯಾಣಿಕರಿಗೆಲ್ಲ ತೋರಿಸಿದ, ಇದರಿಂದ ಒಬ್ಬಳನ್ನ ಹುಡುಗಿ ಮಾಡ್ದೆ ಕಣ್ರೋ, ಎಲ್ಲರೂ ನಕ್ಕರು, ನಾನೂ ನಕ್ಕೆ — ಲಾರಿಯ ಕಿಟಕಿಯಾಚೆ, ಗಾಳಿಗೆ ಎತ್ತಿ ಹಿಡಿದ ಆ ನೀಲಿ ಹೆಬ್ಬೆಟ್ಟು